ಹತ್ತುಮೀನು ಹತ್ತುವ ಹೊತ್ತಿಗೆ ಒಮ್ಮೆ ಬನ್ನಿ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ಜಿಲ್ಲೆಯಲ್ಲಿ ಮೀನುಗಾರಿಕೆ, ತೋಟಗಾರಿಕೆ, ಮಾಲಿನ್ಯ ನಿಯಂತ್ರಣದ ಕೆಲಸ ನೋಡುವ ಎಲ್ಲರಿಗೂ,

ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೀನು ತಿನ್ನುವವನಲ್ಲ. ನಮ್ಮ ಮನೆಯ ಒಲೆ ಮೀನು ಕಂಡಿದ್ದೇ ಇಲ್ಲ. ಹಾಗಾಗಿ ಇದು ಬಾಯಿರುಚಿಗೆ ಬರೆದ ಪತ್ರ ಅಲ್ಲ. ನಮ್ಮ ತೋಟದ ಕೆಳಗೆ ಒಂದು ಹಳ್ಳ ಇದೆ, ಮುಂದೆ ಹೋಗಿ ಅಘನಾಶಿನಿ ನದಿ ಸೇರುತ್ತದೆ. ಐವತ್ತು ವರ್ಷದಿಂದ ಅದರಲ್ಲಿ ಕಾಲು ತೊಳೆಯುತ್ತಿದ್ದೇನೆ. ಕಾಲು ಇಳಿಬಿಟ್ಟರೆ ಸಣ್ಣ ಮೀನು ಬಂದು ಮುತ್ತಿ ಕಚಗುಳಿ ಇಡುತ್ತಿದ್ದವು. ಅವು ಯಾವಾಗ ಕಡಿಮೆ ಆದವು ಅಂತ ನನಗೆ ಗೊತ್ತೇ ಆಗಲಿಲ್ಲ. ಅದೇ ಬೇಜಾರು.

ಗೊತ್ತು ಮಾಡಿಸಿದವನು ನಮ್ಮ ಕೊನೆಗೌಡ. ಮಳೆಗಾಲದಲ್ಲಿ ಮರ ಹತ್ತಿ ಮದ್ದು ಹೊಡೆಯುವವನೂ ಅವನೇ, ಆಮೇಲೆ ಕೊನೆ ಕೊಯ್ಯುವವನೂ ಅವನೇ. ಉಳಿದ ಹೊತ್ತಲ್ಲಿ ಗಾಳ ಹಿಡಿದು ಹಳ್ಳದ ದಡದಲ್ಲಿ ಕೂತಿರುತ್ತಾನೆ. ಎರಡು ವರ್ಷದ ಹಿಂದೆ ಒಂದು ಸಂಜೆ ಬರಿಗೈಲಿ ಬಂದು ಅಂಗಳದಲ್ಲಿ ಕೂತು ಕವಳ ಹಾಕುತ್ತಾ ಅಂದ: "ಹಳ್ಳದಲ್ಲಿ ಮೀನುಂಟು, ಮರಿ ಇಲ್ಲ ಹೆಗಡೇರೆ. ಬರೀ ಮುದುಕರು. ನಮ್ಮೂರ ಹಾಗೇ ಆಗಿದೆ ನೋಡಿ."

ನಾನು ನಕ್ಕೆ. ನಮ್ಮೂರಲ್ಲೂ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ಮನೆಗೆ ಇಬ್ಬರು ಮುದುಕರು ಉಳಿದಿದ್ದೇವೆ. ಆದರೆ ರಾತ್ರಿ ಮಲಗಿದ ಮೇಲೆ ಅವನ ಮಾತು ತಲೆಯಲ್ಲಿ ತಿರುಗಿತು. ನಮ್ಮ ಮಕ್ಕಳು ಬಸ್ಸು ಹತ್ತಿ ಹೋದರು. ಮೀನಿನ ಮಕ್ಕಳು ಎಲ್ಲಿ ಹೋದವು?

ಈ ಪತ್ರ ಆ ಪ್ರಶ್ನೆಯದ್ದು. ನಿಮ್ಮ ಕಚೇರಿ ಇರುವುದು ಕಡಲ ದಡದ ಕಾರವಾರದಲ್ಲಿ. ಅಲ್ಲಿ ಕೂತವರಿಗೆ ಮೀನು ಅಂದರೆ ಬಂಗಡೆ, ತಾರ್ಲೆ, ಶೆಟ್ಲಿ. ತಪ್ಪಲ್ಲ, ಸಾವಿರಾರು ಮನೆಗಳ ಅನ್ನ ಅದು. ಕಡಲ ಮೀನಿಗೆ ಮರ್ಯಾದೆಯೂ ಸಿಕ್ಕಿದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ ಅಂತ. ಅದೇ 61 ದಿನದಲ್ಲಿ ಘಟ್ಟದ ಮೇಲೆ ನಮ್ಮ ಹಳ್ಳದ ಮೀನು ಕೂಡ ಮೊಟ್ಟೆ ಇಡಲು ಹೊರಡುತ್ತದೆ. ಅವಕ್ಕೆ ನಾವು ಕೊಡುವ ಸ್ವಾಗತವೇ ಬೇರೆ.

ಮೃಗಶಿರ ಮಳೆ ಹಿಡಿದು, ಹಳ್ಳಕ್ಕೆ ಮೊದಲ ಕೆಂಪು ನೀರು ಬಂದ ರಾತ್ರಿ ಮೀನು ಹತ್ತುತ್ತದೆ. ಹತ್ತುಮೀನು ಅಂತಲೇ ಅದಕ್ಕೆ ಹೆಸರು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ತೂಬಿಗೆ, ತೂಬಿನಿಂದ ಮೊಣಕಾಲು ಮುಳುಗದಷ್ಟು ತೆಳು ನೀರಿಗೆ. ಅಲ್ಲಿ ಮೊಟ್ಟೆ. ಚಿಕ್ಕವನಿದ್ದಾಗ ಸೂಡಿ ಹಚ್ಚಿಕೊಂಡು ನೋಡಲು ಹೋಗುತ್ತಿದ್ದೆವು. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಒಂದಡಿ ಎತ್ತರದ ಕಲ್ಲಿನ ಮೇಲೆ ಹಾರಿ ಬಿದ್ದು, ಮತ್ತೆ ಹಾರುತ್ತಿದ್ದವು. ಹಿಡಿಯುವವರು ಕೂಳಿ ಇಟ್ಟು ಹಿಡಿಯುತ್ತಿದ್ದರು. ಹಿಡಿದರೂ ಮುಗಿಯುತ್ತಿರಲಿಲ್ಲ.

ಮೃಗಶಿರ ಅಂದರೆ ಅಡಿಕೆಯವನಿಗೆ ಇನ್ನೊಂದು ಅರ್ಥ ಇದೆ, ನಿಮಗೂ ಗೊತ್ತಿರುತ್ತದೆ. ಕೊಳೆರೋಗದ ಕಾಲ. ಎಳೆ ಅಡಿಕೆಗೆ ಕೊಳೆ ಬಿದ್ದರೆ ವರ್ಷದ ಬೆಳೆ ಅಂಗಳ ಸೇರುವ ಮೊದಲೇ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಅದಕ್ಕೆ ಮದ್ದು ಬೋರ್ಡೋ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಅಡಿಕೆಗೆ ಅದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, ನೂರು ವರ್ಷಕ್ಕಿಂತ ಹಿಂದೆ. ಆ ಮನುಷ್ಯನಿಗೆ ನಮ್ಮ ಸೀಮೆಯ ಪ್ರತಿ ಮನೆಯೂ ಋಣಿ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಜಾಸ್ತಿ ಆದ ವರ್ಷ ಮೂರನೇ ಸಲ. ಅಂದರೆ ಮೀನು ಮೇಲೆ ಹತ್ತುವುದೂ ಮೈಲುತುತ್ತ ಕೆಳಗೆ ಇಳಿಯುವುದೂ ಒಂದೇ ಕಾಲದಲ್ಲಿ, ಒಂದೇ ನೀರಿನಲ್ಲಿ.

ಕಳೆದ ವರ್ಷ ಜುಲೈ. ನಾಲ್ಕು ದಿನ ಮಳೆ ಬಿಟ್ಟು ಹೊಳವಾಯಿತು. ಎರಡನೇ ಮದ್ದು ಹೊಡೆದು ಮುಗಿಸಿ ಪಂಪು, ಪೈಪು, ಡ್ರಮ್ಮು ಎಲ್ಲ ಹಳ್ಳಕ್ಕೆ ಒಯ್ದು ತೊಳೆದೆವು. ತೊಳೆದೆವು ಅಂತ ಬಹುವಚನ ಯಾಕೆ, ನಾನೇ ದಡದಲ್ಲಿ ನಿಂತು ತೊಳೆಸಿದ್ದು. ನಮ್ಮ ಅಪ್ಪನೂ ಅದೇ ಕಲ್ಲಿನ ಮೇಲೆ ನಿಂತು ತೊಳೆಸುತ್ತಿದ್ದ. ನೀರು ತಿಳಿನೀಲಿಯಾಗಿ, ಕಲ್ಲಿನ ಸಂದಿಯಲ್ಲಿ ಸುಣ್ಣದ ಬಿಳಿ ಗೆರೆ ಬಿಟ್ಟು ಹರಿದು ಹೋಯಿತು. ಹತ್ತು ನಿಮಿಷದಲ್ಲಿ ಮತ್ತೆ ತಿಳಿ. ಹೋಯಿತಲ್ಲ, ಮುಗಿಯಿತು ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನೀರು ಬೇಕಾದಷ್ಟಿತ್ತು, ಹರಿಯುತ್ತಲೂ ಇತ್ತು. ಬೊಗಸೆ ಹಾಕಿದೆ. ಒಂದು ಓಡಲಿಲ್ಲ, ಸುಮ್ನೆ ಅಂಗೈಗೆ ಬಂತು. ಗೌಡ ಹೆಬ್ಬೆರಳ ಉಗುರಿನಿಂದ ಅದರ ಕಿವಿರಿನ ಮುಚ್ಚಳ ಎತ್ತಿದ. "ಕೆಂಪು ಇರಬೇಕಿತ್ತು" ಅಂದ. ಒಳಗೆ ಕೆಂಪು ಇರಲಿಲ್ಲ. ಗಂಜಿ ತಿಳಿಯ ಹಾಗೆ ಬೆಳ್ಳಗೆ ಲೋಳೆ ಕಟ್ಟಿತ್ತು.

ಆಮೇಲೆ ಓದಿದೆ, ತಿಳಿದವರನ್ನೂ ಕೇಳಿದೆ. ಕಿವಿರು ಅಂದರೆ ಮೀನಿನ ಶ್ವಾಸಕೋಶ ಅಂತ ಶಾಲೆಯಲ್ಲಿ ಕಲಿತಿದ್ದೆವು. ಅಷ್ಟೇ ಅಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ, 25 ಡಿಗ್ರಿ ಬಿಸಿ ಇದ್ದಾಗ, 8 ಮಿಲಿಗ್ರಾಂ ಇದ್ದರೆ ಅದೇ ದೊಡ್ಡದು. ಅಷ್ಟನ್ನು ಸೋಸಿ ತೆಗೆಯಲು ಕಿವಿರಿನ ಚರ್ಮ ಈರುಳ್ಳಿ ಪೊರೆಗಿಂತ ತೆಳು ಇರಬೇಕು. ತೆಳು ಇದ್ದ ಮೇಲೆ ಆಮ್ಲಜನಕದ ಜೊತೆ ವಿಷವೂ ಸಲೀಸಾಗಿ ಒಳಗೆ ಬರುತ್ತದೆ. ಸಿಹಿನೀರಿನ ಮೀನಿಗೆ ಮತ್ತೊಂದು ಕಷ್ಟ. ಅದರ ರಕ್ತದಲ್ಲಿ ಉಪ್ಪಿದೆ, ಸುತ್ತಲಿನ ನೀರು ಸಪ್ಪೆ. ಮೈಯಿಂದ ಉಪ್ಪು ಸೋರುತ್ತಲೇ ಇರುತ್ತದೆ. ಸೋರಿದ್ದನ್ನು ಕಿವಿರು ನೀರಿನಿಂದ ಹೆಕ್ಕಿ ಹೆಕ್ಕಿ ಒಳಗೆ ಹಾಕಿಕೊಳ್ಳಬೇಕು. ತಾಮ್ರ ಹೋಗಿ ಆ ಹೆಕ್ಕುವ ಕೆಲಸವನ್ನೇ ನಿಲ್ಲಿಸುತ್ತದೆ. ಮೀನು ಉಸಿರು ಕಟ್ಟಿ ಮಾತ್ರ ಸಾಯುವುದಿಲ್ಲ, ಉಪ್ಪು ಸೋರಿಯೂ ಸಾಯುತ್ತದೆ.

ನೀರಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಈ ಹೊಡೆತ ಸ್ವಲ್ಪ ಕಡಿಮೆ. ನಮ್ಮ ಘಟ್ಟದ ಹಳ್ಳಗಳ ನೀರು ಮೆದು, ಬೇಳೆ ಬೇಗ ಬೇಯುತ್ತದೆ ಅಂತ ನಾವು ಹೆಮ್ಮೆ ಪಡುವ ನೀರು. ಅದೇ ಮೆದು ನೀರಿನಲ್ಲಿ ತಾಮ್ರದ ವಿಷ ಜೋರು.

ಬೋರ್ಡೋ ಹದ ನೋಡಲು ಗೌಡ ಕತ್ತಿಯ ತುದಿ ಡ್ರಮ್ಮಿನಲ್ಲಿ ಅದ್ದುತ್ತಾನೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು, ಇನ್ನೊಂದು ಬೊಗಸೆ ಹಾಕಬೇಕು. ಆ ಕೆಂಪು ಬಣ್ಣ ತಾಮ್ರವೇ, ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಚಿಕ್ಕಂದಿನಿಂದ ನೋಡಿದ ಆಟ ಇದು. ಈಗ ಅವನು ಕತ್ತಿ ಅದ್ದಿದಾಗಲೆಲ್ಲ ನನಗೆ ಆ ಕಿವಿರು ನೆನಪಾಗುತ್ತದೆ.

ಒಂದು ಲೆಕ್ಕ ಹಾಕಿದೆ, ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. 100 ಲೀಟರ್ ಮದ್ದಿನಲ್ಲಿ 250 ಗ್ರಾಂ ಆಯಿತು. ಡ್ರಮ್ಮಿನ ತಳದಲ್ಲಿ ಒಂದೇ ಲೀಟರ್ ಉಳಿದಿತ್ತು ಅಂದುಕೊಳ್ಳಿ. ಅದರಲ್ಲಿ ಎರಡೂವರೆ ಗ್ರಾಂ. ಅಷ್ಟನ್ನು ಲೀಟರಿಗೆ 10 ಮೈಕ್ರೋಗ್ರಾಂ ಮಟ್ಟಕ್ಕೆ ತೆಳು ಮಾಡಬೇಕಾದರೆ ಎರಡೂವರೆ ಲಕ್ಷ ಲೀಟರ್ ನೀರು ಬೇಕು. ಮೆದು ನೀರಿನಲ್ಲಿ ಲೀಟರಿಗೆ ಹತ್ತಿಪ್ಪತ್ತು ಮೈಕ್ರೋಗ್ರಾಂ ತಾಮ್ರ ಕರಗಿದ್ದರೂ ಮೀನಿನ ಮೂಗು ಮಂಕಾಗುತ್ತದೆ. ಮೀನಿಗೆ ಮೂಗು ಅಂದರೆ ದಾರಿ. ಹೊಳೆಯ ದಾರಿ, ಜೋಡಿಯ ವಾಸನೆ, ವೈರಿಯ ಸುಳಿವು ಎಲ್ಲ ಅದರಲ್ಲೇ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಸುಣ್ಣ ಸೇರಿದ ಮೇಲೆ ತಾಮ್ರ ಪೂರ್ತಿ ಕರಗಿರುವುದಿಲ್ಲ, ಬಹುಪಾಲು ಕೆಸರಿನಲ್ಲಿ ಕೂತುಬಿಡುತ್ತದೆ. ಆದರೆ ಕೆಸರಿನಲ್ಲಿ ಕೂತದ್ದು ಕೊಳೆಯುವ ವಸ್ತುವಲ್ಲ. ನಮ್ಮದು ಹುಳಿ ಮಣ್ಣು, ನೀರು ಹುಳಿಯಾದಾಗ ಮತ್ತೆ ಕರಗುತ್ತದೆ. ನೂರು ವರ್ಷದಿಂದ ಎಷ್ಟು ಡ್ರಮ್ಮು ತೊಳೆದಿದ್ದೇವೆ, ಯಾರು ಲೆಕ್ಕ ಇಟ್ಟಿದ್ದಾರೆ?

ಇದನ್ನು ಓದಿ ನಮ್ಮವರೇ ನನ್ನನ್ನು ಬಯ್ಯುತ್ತಾರೆ, ಗೊತ್ತು. ಅಡಿಕೆಯ ಮೇಲೆ ಮೊದಲೇ ನೂರು ದೂರು, ಈಗ ಇವನೊಬ್ಬ ಮನೆ ಒಳಗಿಂದಲೇ ಶುರು ಮಾಡಿದ ಅಂತ. ಬೋರ್ಡೋ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬಿಡುವುದಿಲ್ಲ. ಡ್ರಮ್ಮು ಹಳ್ಳದಲ್ಲಿ ತೊಳೆಯುವುದು ಬೇಡ ಅನ್ನುತ್ತಿದ್ದೇನೆ, ಅಷ್ಟೇ. ಈ ವರ್ಷ ನಾನು ಹುಲ್ಲು ಬೆಳೆಯುವ ಬೇಣದ ತುದಿಯಲ್ಲಿ, ನೀರಿನಿಂದ ದೂರ, ಒಂದು ಗುಂಡಿ ತೋಡಿಸಿ ಸುಣ್ಣ ಹಾಕಿ ಅಲ್ಲಿ ತೊಳೆಸಿದೆ. ಅರ್ಧ ದಿನದ ಕೆಲಸ. ಗೌಡ ಮಾತ್ರ ಹಳ್ಳದಿಂದ ಅಲ್ಲಿಗೆ ನೀರು ಹೊರಬೇಕಲ್ಲ ಅಂತ ಗೊಣಗಿದ.

ಎಲ್ಲಾ ತಪ್ಪೂ ತೋಟದವರದ್ದು ಅಂತಲ್ಲ. ಅಘನಾಶಿನಿಯ ಒಂದು ಕವಲು ಹುಟ್ಟುವುದು ಶಿರಸಿ ಪೇಟೆಯ ಶಂಕರಹೊಂಡದಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ. ಪೇಟೆಯಲ್ಲಿ ಹುಟ್ಟುವ ನದಿಗೆ ತೊಟ್ಟಿಲಲ್ಲೇ ಚರಂಡಿಯ ನೆರೆಮನೆ. ಪಾತ್ರೆ ತೊಳೆದ ಸೋಪು, ಬಟ್ಟೆ ತೊಳೆದ ಪೌಡರು, ಶೌಚದ ನೀರು, ಯಾವುದಕ್ಕೂ ದಾರಿ ಕಲಿಸಬೇಕಿಲ್ಲ, ಇಳಿಜಾರು ಹುಡುಕಿಕೊಂಡು ಹೋಗುತ್ತವೆ. ಅದನ್ನು ತಿನ್ನಲು ಕೂತ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೂ ಜೊತೆಗೆ ತಿಂದು ಮುಗಿಸುತ್ತವೆ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಗೆರೆ ಎಳೆದಿದೆ. ಎರಡಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಮೀನು ಉಳಿಯುವುದಿಲ್ಲ. ಪೂರ್ವಕ್ಕೆ, ಬನವಾಸಿ ಕಡೆ ಶುಂಠಿ ಗದ್ದೆಗಳ ಮದ್ದಿನ ಕಥೆ ಇನ್ನೊಂದು. ಅದನ್ನು ಅಲ್ಲಿಯವರೇ ಬರೆಯಲಿ.

ಚರಂಡಿ ನೀರಿನಲ್ಲೂ ಮೀನು ಕಾಣುತ್ತದಲ್ಲ ಅಂತ ಒಬ್ಬರು ನನಗೆ ಎದುರು ಹೇಳಿದರು. ಕಾಣುತ್ತದೆ. ಅವು ಕೊರವ, ಚೇಳುಮೀನು. ನೀರು ಕೈಕೊಟ್ಟರೆ ಮೇಲೆ ಬಂದು ಗಾಳಿ ಗುಟುಕಿಸಿ ಬದುಕುವ ಜಾತಿ. ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ಹರಿವ ನೀರಲ್ಲಿ ನಿಲ್ಲುವ ಸಣ್ಣ ಮೀನುಗಳಿಗೆ ಆ ಉಪಾಯ ಇಲ್ಲ. ಅವು ಮೊದಲು ಹೋಗುತ್ತವೆ, ಸದ್ದಿಲ್ಲದೆ. ಕೊರವ ಮಾತ್ರ ಉಳಿದ ಹಳ್ಳವನ್ನು ನೋಡಿ ಹಳ್ಳ ಚೆನ್ನಾಗಿದೆ ಅಂದರೆ, ಕಾಗೆ ಮಾತ್ರ ಉಳಿದ ಊರನ್ನು ನೋಡಿ ಪಕ್ಷಿಧಾಮ ಅಂದ ಹಾಗೆ.

ಕೊರವಕ್ಕೂ ಸುಖ ಇಲ್ಲ ಅನ್ನಿ. ಮೈಮೇಲೆ ನಾಣ್ಯದಗಲ ಕೆಂಪು ಹುಣ್ಣು ಎದ್ದ ಕೊರವವನ್ನು ಗೌಡ ಎಷ್ಟೋ ಸಲ ಗಾಳದಿಂದ ಬಿಡಿಸಿ ಎಸೆದಿದ್ದಾನೆ. ಈ ಹುಣ್ಣಿನ ರೋಗ 1988ರಲ್ಲಿ ದೇಶದ ಈಶಾನ್ಯದಲ್ಲಿ ಕಾಣಿಸಿಕೊಂಡು ಕೆಲವೇ ವರ್ಷದಲ್ಲಿ ದಕ್ಷಿಣಕ್ಕೂ ಬಂತು. ಬೂಷ್ಟಿನಂಥ ಒಂದು ಜೀವಿ ಅದಕ್ಕೆ ಕಾರಣ. ಮೈಮೇಲಿನ ಲೋಳೆ ಸರಿಯಾಗಿದ್ದರೆ ಅದು ಸುಲಭಕ್ಕೆ ಒಳಗೆ ಹೋಗಲಾರದು. ಹುಳಿ ನೀರು, ರಾಸಾಯನಿಕ, ಗಾಯ, ಯಾವುದರಿಂದಲಾದರೂ ಲೋಳೆ ಕಿತ್ತುಹೋದರೆ ಬಾಗಿಲು ತೆರೆದಂತೆ.

ಇನ್ನು ಬ್ಲೀಚಿಂಗ್ ಪೌಡರ್. ಬೇಸಿಗೆಯಲ್ಲಿ ಗುಂಡಿಗೆ ಒಂದು ಪೊಟ್ಟಣ ಸುರಿದರೆ ಅರ್ಧ ಗಂಟೆಯಲ್ಲಿ ಮೀನು ಬೆಳ್ಳಗೆ ತೇಲುತ್ತದೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಅದೂ ಒಳ್ಳೆಯದೇನಲ್ಲ. ಆದರೆ ಬ್ಲೀಚಿಂಗ್ ಬಿದ್ದ ಗುಂಡಿಯಲ್ಲಿ ಏಡಿ, ಕಪ್ಪೆಮರಿ, ನೀರುಹುಳ ಏನೂ ಉಳಿಯುವುದಿಲ್ಲ. ನೀರಲ್ಲಿ ಸಿಡಿಮದ್ದಿನ ತೋಟೆ ಹೊಡೆಯುವವರೂ ಇದ್ದಾರೆ, ಕರೆಂಟ್ ಬಿಡುವವರೂ ಇದ್ದಾರೆ. ನೀರಿಗೆ ವಿಷ ಹಾಕಿ, ತೋಟೆ ಹೊಡೆದು ಮೀನು ಹಿಡಿಯುವುದು ಅಪರಾಧ ಅಂತ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಇದೆ. ಬ್ರಿಟಿಷರಿಗೆ ಹೊಳೆದದ್ದು ನಮಗೆ ಮರೆತಿದೆ.

ಮೀನು ಒಮ್ಮೆ ಹೋದರೆ ಮತ್ತೆ ಕೆಳಗಿನಿಂದ ಬರುತ್ತದೆ ಬಿಡಿ ಅನ್ನುವವರಿಗೆ ಅಘನಾಶಿನಿಯ ಉಂಚಳ್ಳಿ ಜಲಪಾತ ತೋರಿಸಬೇಕು. 116 ಮೀಟರ್. ಎಂಥ ಹತ್ತುಮೀನೂ ಅದನ್ನು ಹತ್ತಲಾರದು. ಅದರ ಮೇಲಿನ ಹಳ್ಳಗಳಲ್ಲಿ ಇರುವುದಷ್ಟೇ ನಮ್ಮ ಗಂಟು. ಇಲ್ಲಿ ತೀರಿದರೆ ಕೆಳಗಿನವರು ಕೊಡಲಾರರು.

ಆದರೆ ಇಲ್ಲಿಯ ಕೊಳೆ ಕೆಳಗಿನವರಿಗೆ ಚೆನ್ನಾಗಿಯೇ ತಲುಪುತ್ತದೆ. ಕುಮಟಾದ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರು ಕೆದಕಿ ಬಳಚು ಹೆಕ್ಕುತ್ತಾರೆ. ಬಳಚು ಅಂದರೆ ನೀರು ಸೋಸಿ ತಿನ್ನುವ ಚಿಪ್ಪಿನ ಜೀವ, ತಾಮ್ರದಂಥದ್ದು ಬಂದರೆ ಮೈಯಲ್ಲೇ ಇಟ್ಟುಕೊಳ್ಳುತ್ತದೆ. 2024ರಲ್ಲಿ ಆ ಅಳಿವೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಪಟ್ಟ ಸಿಕ್ಕಿತು, 4801 ಹೆಕ್ಟೇರ್. ಖುಷಿಯ ವಿಷಯ. ನದಿಯ ಬಾಯಿಗೆ ಹಾರ ಹಾಕಿದ್ದೇವೆ. ಹುಟ್ಟಿನ ಕಡೆಗೂ ಯಾರಾದರೂ ತಿರುಗಿ ನೋಡಬೇಕಲ್ವಾ?

ನೋಡಿಸಲು ನಾನು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಆ ಜುಲೈ ಆದ ವಾರ ಹಳ್ಳದ ನೀರನ್ನು ಸೋಡಾ ಬಾಟಲಿಯಲ್ಲಿ ತುಂಬಿಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿದ್ದವರು ಒಳ್ಳೆಯವರೇ, ಚಹಾ ಕೊಟ್ಟರು. "ಕುಡಿಯುವ ನೀರಾ?" ಅಂತ ಕೇಳಿದರು. "ಅಲ್ಲ, ಮೀನಿನದ್ದು" ಅಂದೆ. ಇಬ್ಬರು ಮುಖ ಮುಖ ನೋಡಿಕೊಂಡರು. ಕುಡಿಯುವ ನೀರಾದರೆ ಒಂದು ಅರ್ಜಿ ಇದೆಯಂತೆ, ಬಾವಿಯ ನೀರಾದರೆ ಇನ್ನೊಂದು. ಮೀನಿನ ನೀರಿಗೆ ಅರ್ಜಿ ಇಲ್ಲ. ಕೊನೆಗೆ ಒಬ್ಬ ಹುಡುಗ ಹೇಳಿದ, ಆಮ್ಲಜನಕವನ್ನು ಹೀಗೆ ಬಾಟಲಿಯಲ್ಲಿ ತಂದು ಅಳೆಯಲು ಬರುವುದಿಲ್ಲ ಅಂಕಲ್, ನೀರಿನ ದಡದಲ್ಲೇ ಅಳೆಯಬೇಕು, ಇಲ್ಲವೇ ಅಲ್ಲೇ ರಾಸಾಯನಿಕ ಹಾಕಿ ಹಿಡಿದಿಡಬೇಕು ಅಂತ. ಅವನು ಹೇಳಿದ್ದು ಸರಿ. ಸೋಡಾ ಬಾಟಲಿಯನ್ನು ಬಸ್ ಸ್ಟ್ಯಾಂಡಿನ ಗಿಡಕ್ಕೆ ಸುರಿದು ಮನೆಗೆ ಬಂದೆ.

ಅವನೇ ಇನ್ನೊಂದು ಉಪಕಾರದ ಮಾತು ಹೇಳಿದ್ದ. ಪಾಚಿ ಕಟ್ಟಿದ ನೀರನ್ನು ಹಗಲು ಹನ್ನೊಂದಕ್ಕೆ ಅಳೆದರೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ, ಬಿಸಿಲಿಗೆ ಪಾಚಿ ಅದನ್ನು ಉತ್ಪತ್ತಿ ಮಾಡುತ್ತಿರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ತಿಂದು ಹಾಕುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವುದು ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು. ಮೀನು ಸಾಯುವುದೂ ಆ ಹೊತ್ತಿಗೇ. ಆಫೀಸಿನ ವೇಳೆಯಲ್ಲಿ ತೆಗೆದ ನೀರಿನಿಂದ ಮೀನಿನ ಕಷ್ಟ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ದೊಡ್ಡ ನದಿಯ ಸೇತುವೆ ಕೆಳಗೆ ಮಾತ್ರ ಅಲ್ಲ, ಶಿರಸಿ, ಸಿದ್ದಾಪುರದ ನಾಲ್ಕಾರು ಸಣ್ಣ ಹಳ್ಳಗಳಲ್ಲೂ ನೀರು ತೆಗೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಜಾವ ಒಮ್ಮೆ, ಮದ್ದು ಹೊಡೆಯುವ ಜೂನ್, ಜುಲೈಯಲ್ಲಿ ಒಮ್ಮೆ. ಆಮ್ಲಜನಕ, ಅಮೋನಿಯಾ, ತಾಮ್ರ, ಈ ಮೂರು ನೋಡಿದರೂ ಸಾಕು. ಬಂದ ಅಂಕಿಯನ್ನು ಪಂಚಾಯ್ತಿ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ತೋಟಗಾರಿಕೆಯವರು ಬೋರ್ಡೋ ಮಾಡುವ ಕ್ರಮ ಹೇಳಿಕೊಡುವಾಗ ಡ್ರಮ್ಮು ಎಲ್ಲಿ ತೊಳೆಯಬೇಕು ಅನ್ನುವ ಒಂದು ಸಾಲನ್ನೂ ಸೇರಿಸಲಿ. ಮೈಲುತುತ್ತ ಮಾರುವ ಸೊಸೈಟಿಯಲ್ಲಿ ಆ ಸಾಲಿನ ಒಂದು ಬೋರ್ಡು ಹಾಕಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಎಲ್ಲರೂ ಸರದಿಯಲ್ಲಿ ನಿಂತು ಓದುತ್ತಾರೆ, ಬೇರೆ ಕೆಲಸ ಇರುವುದಿಲ್ಲ. ಬ್ಲೀಚಿಂಗ್ ಹಾಕುವವರ ಸುದ್ದಿ ಹೇಳಲು ಒಂದು ಫೋನ್ ನಂಬರ್ ಕೊಡಿ, ಹೇಳಿದವರ ಹೆಸರು ಊರಿಗೆ ಗೊತ್ತಾಗದ ಹಾಗೆ. ಪೇಟೆಯ ಚರಂಡಿಯದ್ದು ಖರ್ಚಿನ ಕೆಲಸ, ಒಂದು ವರ್ಷದಲ್ಲಿ ಆಗುವುದಲ್ಲ, ನನಗೂ ಅರ್ಥ ಆಗುತ್ತದೆ. ಆದರೆ ಅದು ಎಲ್ಲೆಲ್ಲಿ ಹಳ್ಳಕ್ಕೆ ಇಳಿಯುತ್ತದೆ ಅಂತ ಒಂದು ನಕ್ಷೆ ಮಾಡಿಸಲು ವರ್ಷ ಬೇಕಿಲ್ಲ.

ಬರುವ ಮೃಗಶಿರಕ್ಕೆ ನೀವೇ ಒಮ್ಮೆ ಬನ್ನಿ. ಮೊದಲ ಕೆಂಪು ನೀರು ಬಂದ ದಿನ ಫೋನ್ ಮಾಡುತ್ತೇನೆ, ಮೊದಲೇ ತಾರೀಕು ಹೇಳಲು ಆಗುವುದಿಲ್ಲ. ರಾತ್ರಿ ಎಂಟರ ಮೇಲೆ ಹೋಗಬೇಕು. ಉಂಬಳ (ಜಿಗಣೆ) ಜಾಸ್ತಿ, ಉದ್ದನೆಯ ಬೂಟು ಹಾಕಿಕೊಂಡು ಬನ್ನಿ. ಹಚ್ಚಿಕೊಳ್ಳಲು ಸುಣ್ಣ, ಹೊಗೆಸೊಪ್ಪು ಗೌಡನ ಹತ್ತಿರ ಇರುತ್ತದೆ. ಊಟ ನಮ್ಮ ಮನೆಯಲ್ಲಿ, ಮೀನು ಮಾತ್ರ ಸಿಗುವುದಿಲ್ಲ. ತೂಬಿನ ಹತ್ತಿರ ಒಂದು ಹಾಸುಗಲ್ಲಿದೆ, ಅಲ್ಲಿ ಬ್ಯಾಟರಿ ಆರಿಸಿ ಕೂತರೆ ಹತ್ತುವ ಸದ್ದು ಕೇಳುತ್ತದೆ. ಕಳೆದ ಜೂನಿನಲ್ಲಿ ನಾನೂ ಗೌಡನೂ ಎರಡು ತಾಸು ಕೂತಿದ್ದೆವು. ಹನ್ನೊಂದು ಸಲ ಕೇಳಿತು. ಗೌಡ ಹನ್ನೆರಡು ಅನ್ನುತ್ತಾನೆ.

ಇಂತಿ,
ಶಿರಸಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ